ಮಿಸ್ತ್ರಿಯ ಹಲಗೆ

ಮಸ್ಕಿಯ ಟ್ರ್ಯಾಕ್ಟರ್ ಮಿಸ್ತ್ರಿಯೊಬ್ಬರು ಹಳೆಯ ಇಂಜಿನ್ ಬಿಚ್ಚುವಾಗಲೂ ಕಟ್ಟುವಾಗಲೂ ಒಂದು ಮೊಳದ ಹಲಗೆಯ ಮೇಲೆ ಕೂರುತ್ತಿದ್ದರು. ಯಾರಾದರೂ ಅವಸರ ಮಾಡಿದರೆ ಕೈಯ ಎಣ್ಣೆಯನ್ನು ಅದರ ಅಂಚಿಗೆ ಒರೆಸಿ, "ಗಡಿಬಿಡಿ ಯಾಕ್ರಿ?" ಎನ್ನುತ್ತಿದ್ದರು.

ನಮ್ಮ ಟ್ರ್ಯಾಕ್ಟರಿನ ಇಂಜಿನ್ ಕಟ್ಟಿ ಮುಗಿಸಿದ ದಿನ, ದಢೇಸುಗೂರಿನ ನಮ್ಮ ಗದ್ದೆಗೆ ಕಾಲುವೆಯ ನೀರು ಬಂದು ನಿಂತಿತ್ತು. ಅಂದೇ ಉಳಬೇಕೆಂದು ನಾನು ಬೆಳಗಿನಿಂದ ಅವಸರ ಮಾಡುತ್ತಿದ್ದೆ. ಅವರು ಕೀಲಿ ತಿರುಗಿಸಲು ಎದ್ದಾಗ ನಾನು ಆ ಹಲಗೆಯ ಮೇಲೆ ಕುಳಿತೆ.

ಇಂಜಿನ್ ಶುರುವಾಯಿತು. ಮರುಕ್ಷಣವೇ ಅದರ ಸದ್ದು ಏರತೊಡಗಿತು. ಮಿಸ್ತ್ರಿ ನಿಲ್ಲಿಸುವ ಗುಂಡಿ ಎಳೆದರು, ಇಂಜಿನ್ ನಿಲ್ಲಲಿಲ್ಲ. ಕರಿ ಹೊಗೆ ಬಂತು, ನೆಲ ನಡುಗಿತು. ಇನ್ನೊಂದು ನಿಮಿಷ ಹೀಗೇ ಓಡಿದರೆ ಇಂಜಿನ್ ಒಡೆದುಹೋಗುತ್ತದೆಂದು ನನಗೂ ತಿಳಿಯಿತು. ಆದರೂ ನಾನು ಹಲಗೆಯ ಮೇಲೆಯೇ ಕುಳಿತಿದ್ದೆ.

ಅವರು ಬಂದು ನನ್ನ ಕಿವಿಯ ಹತ್ತಿರ ಬಾಗಿದರು. "ಅಣ್ಣಾರ, ಸ್ವಲ್ಪ ಏಳ್ರಿ. ಹಲಗಿ ಬೇಕಾಗೈತಿ."

ಎದ್ದೆ. ಇಂಜಿನ್ ಗಾಳಿ ಎಳೆಯುವ ಬಾಯಿಗೆ ಅವರು ಹಲಗೆಯನ್ನು ಒತ್ತಿ ಹಿಡಿದರು. ಉಸಿರು ಕಟ್ಟಿದ ಇಂಜಿನ್ ನಿಂತಿತು.

"ಇದಕ್ಕೂ ನಿಮ್ಮಂಗ ದಢೇಸುಗೂರಿಗೆ ಹೋಗಾಕ ಗಡಿಬಿಡಿ ನೋಡ್ರಿ" ಎಂದರು.

ಇಂಜಿನ್‌ಗೆ ಹೋಗುವ ಡೀಸೆಲನ್ನು ಹೆಚ್ಚುಕಡಿಮೆ ಮಾಡುವ, ಪಂಪಿನೊಳಗೆ ಸಿಕ್ಕಿಕೊಂಡಿದ್ದ ಸರಳನ್ನು ಬಿಡಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ಎರಡನೇ ಸಲ ಕೀಲಿ ತಿರುಗಿಸುವಾಗ ನಾನೇ ಹಲಗೆ ಹಿಡಿದು ಆ ಬಾಯಿಯ ಪಕ್ಕ ನಿಂತಿದ್ದೆ. ಇಂಜಿನ್ ಸಮನಾಗಿ ಬಡಿಯಿತು. ಅವರು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಆ ಹಲಗಿ ಇತ್ತ ಕೊಡ್ರಿ. ಇನ್ನ ಕೂಡ್ತೀನಿ."