ಕಲಶದ ಚೀಲಗಳು

ಮೊನ್ನೆ ಮಗಳು ದಿಂಬಿನ ಕವರಿಗೆ ಹೂವು ಬಿಡಿಸಿ, ಬಣ್ಣ ಒಣಗಿದ ಮೇಲೆ ಅದನ್ನು ಮಗುಚಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು. ಬಿಸಿ ತಗಲಿದ ಬಟ್ಟೆಬಣ್ಣಕ್ಕೆ ಒಂದು ವಾಸನೆ ಇದೆ. ಸ್ವಲ್ಪ ಸೀದಂತೆ, ಸ್ವಲ್ಪ ರಬ್ಬರಿನಂತೆ... ಸರಿಯಾಗಿ ಹೇಳಲು ಬರುವುದಿಲ್ಲ. ಬೀನ್ಸ್ ಮುರಿಯುತ್ತಿದ್ದ ನನ್ನ ಕೈ ನಿಂತುಹೋಯಿತು. "ಏನಮ್ಮಾ, ಸೀದೋಯ್ತಾ?" ಎಂದು ಅವಳು ಗಾಬರಿಯಾದಳು. ಏನಿಲ್ಲ ಎಂದೆ. ಹೇಳಲು ಹೊರಟರೆ ತೊಂಬತ್ತರ ದಶಕದ ಜನ್ನಾಪುರಕ್ಕೆ, ನನ್ನ ತವರಿನ ಪಕ್ಕದ ಮನೆಗೆ ಹೋಗಬೇಕಿತ್ತು.

ಆ ಮನೆಯವರನ್ನು ಬೀದಿಯ ಮಕ್ಕಳೆಲ್ಲ ಚೀಲದಕ್ಕ ಎನ್ನುತ್ತಿದ್ದೆವು. ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲ ಕೊಡಲು ಒಂದು ತೆಂಗಿನಕಾಯಿ, ಎಲೆ ಅಡಿಕೆ ಹಿಡಿಯುವಷ್ಟು ಪುಟ್ಟ ಚೀಲ ಹೊಲಿಯುತ್ತಿದ್ದರು. ಕೋರಾ ಬಟ್ಟೆಯ ಚೀಲ, ಬಾಯಿಗೆ ಕೆಂಪು ದಾರ. ಅಂಚಿಗೆ ಮರದ ಅಚ್ಚಿನಿಂದ ಮಾವಿನೆಲೆಯ ಸಾಲು ಒತ್ತುತ್ತಿದ್ದರು. ಊಟದ ತಟ್ಟೆಯಲ್ಲಿ ಸ್ಪಂಜಿನ ತುಂಡಿಟ್ಟು ಅದರ ಮೇಲೆ ಹಸಿರು ಬಣ್ಣ ಸುರಿದುಕೊಂಡು, ಅಚ್ಚನ್ನು ಮೊದಲು ಹಳೇ ಪೇಪರಿನ ಮೇಲೆ ಒಮ್ಮೆ ಒತ್ತಿ ನೋಡಿ, ಆಮೇಲೆ ಬಟ್ಟೆಗೆ. ನಡುವಿನ ಕಲಶಕ್ಕೆ ಮಾತ್ರ ಅಚ್ಚು ಬಳಸುತ್ತಿರಲಿಲ್ಲ. ಅದನ್ನು ಕುಂಚ ಹಿಡಿದು ಕೈಯಲ್ಲೇ ಬರೆಯಬೇಕು. ಹೀಗಾಗಿ ಒಂದು ಚೀಲದ ಕಲಶ ಡೊಳ್ಳುಹೊಟ್ಟೆಯದು, ಇನ್ನೊಂದರದು ಬಡಕಲು. ನಾವು ನಕ್ಕರೆ, "ನಮ್ ಬೀದೀಲಿ ಎಲ್ರೂ ಒಂದೇ ಥರ ಇದೀರೇನ್ರೇ?" ಎಂದು ತಿರುಗಿ ರೇಗಿಸುತ್ತಿದ್ದರು.

ಅವರ ಗಂಡ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಒಂದು ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಮೊದಲ ಶಿಫ್ಟಿಗೆಂದು ಹೊರಟವರು ಗೇಟು ತಲುಪಲೇ ಇಲ್ಲ. ಸೈಕಲ್ಲು ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿತು. ಮನುಷ್ಯ ಸಿಗಲಿಲ್ಲ. ಜಗಳವಿರಲಿಲ್ಲ, ಕಾಯಿಲೆ ಇರಲಿಲ್ಲ, ಒಂದು ಕಾಗದವೂ ಬರಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಹೇಳಿಕೊಡದೆಯೇ ಒಂದು ರೂಢಿ ಬಂತು. ಗ್ಯಾಸಿನವನು, ಜನಗಣತಿಯವರು, ಯಾರೇ ಬಂದು ಆ ಮನೆಯ ಯಜಮಾನರನ್ನು ಕೇಳಿದರೂ, ಹತ್ತಿರವಿದ್ದವರು ಥಟ್ಟನೆ "ಶಿಫ್ಟಿಗೆ ಹೋಗಿದಾರೆ" ಎಂದುಬಿಡುತ್ತಿದ್ದರು. ಕಾರ್ಖಾನೆಗಳ ಆ ಊರಲ್ಲಿ ಅದಕ್ಕಿಂತ ಸಲೀಸಾದ ಉತ್ತರ ಇರಲಿಲ್ಲ. ನಾನೇ ಎಷ್ಟು ಸಲ ಹೇಳಿದ್ದೆನೋ.

ಊರಿಂದ ಮೈದುನ ಬಂದಾಗಲೆಲ್ಲ ಒಂದೇ ಮಾತು. ಎಷ್ಟು ದಿನ ಅಂತ ಹೀಗೆ, ಆಗಬೇಕಾದ ಕರ್ಮ ಮಾಡಿ ಮುಗಿಸೋಣ ಎಂದು. ಚೀಲದಕ್ಕ, ಕಾಣೆಯಾದವರಿಗೆ ಕಾಯಬೇಕೆಂದು ಶಾಸ್ತ್ರ ಹೇಳುವ ಹನ್ನೆರಡು ವರ್ಷ ತುಂಬುವ ತನಕ ಆ ಸುದ್ದಿ ಎತ್ತಲೇಬೇಡಿ ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಹಾಗೇ ಇದ್ದವು. ಒಮ್ಮೆ ಬಣ್ಣ ಒಣಗಿದ ಚೀಲಗಳಿಗೆ ಇಸ್ತ್ರಿ ಮಾಡುತ್ತ ನನಗೆ ಹೇಳಿದ್ದರು: "ಮದುವೆ ಮನೆಯೋರು ನನ್ ಕೈಯಿಂದ ಕಲಶ ಬರೆಸ್ಕೊಂಡು ಹೋಗ್ತಾರಲ್ಲ, ಅಂದ್ರೆ ಅವ್ರು ಇದಾರೆ ಅಂತ ಊರೂ ಒಪ್ಕೊಂಡಿದೆ ಅಂತಾನೇ ಅಲ್ವೇನೇ?" ನಾನು ಹೌದಕ್ಕಾ ಎಂದಿದ್ದೆ. ಮನಸ್ಸಿನಿಂದಲೇ ಹೇಳಿದ್ದೆ.

ಆಮೇಲೆ ನನ್ನನ್ನು ಶಿವಮೊಗ್ಗದ ರವೀಂದ್ರನಗರಕ್ಕೆ ಕೊಟ್ಟರು. ಮರುವರ್ಷವೇ ನಾದಿನಿಯ ಮದುವೆ ಗೊತ್ತಾಯಿತು. ಹೊಸ ಸೊಸೆಯ ಉತ್ಸಾಹ ಕೇಳಬೇಕೆ? ತಾಂಬೂಲದ ಚೀಲದ ಜವಾಬ್ದಾರಿ ನನ್ನದು ಎಂದು ಎದೆ ತಟ್ಟಿಕೊಂಡು ಇನ್ನೂರು ಚೀಲ ಹೇಳಿಬಂದೆ. ಚೀಲದಕ್ಕ ಹಿಗ್ಗಿ ಹೀರೇಕಾಯಿಯಾದರು. ನಮ್ಮ ಹುಡುಗಿಯ ಮನೆಯದು ಎಂದು ಕಲಶದ ಕೆಳಗೆ ಒಂದೊಂದು ಪುಟ್ಟ ತಾವರೆಯನ್ನೂ ಸೇರಿಸಿ, ಗಂಟು ಹೊತ್ತುಕೊಂಡು ಬಸ್ಸಿನಲ್ಲಿ ತಾವೇ ಬಂದರು. ಅವತ್ತು ಸೀರೆ ಆರಿಸಲೆಂದು ಬೀಗರ ಕಡೆಯವರೂ ಬಂದಿದ್ದರು. ಹುಡುಗನ ದೊಡ್ಡಮ್ಮ ಒಂದು ಚೀಲವನ್ನು ಮಡಿಲಲ್ಲಿಟ್ಟು ಸವರಿ, "ಎಷ್ಟು ಮುದ್ದಾಗಿದೆ! ನಮ್ಮನೇಲಿ ಮುತ್ತೈದೆಯರಿಗೆ ಬಾಗಿನ ಕೊಡೋಕೂ ಇದನ್ನೇ ಮಾಡಿಸ್ತೀನಿ" ಎಂದರು. ಚೀಲದಕ್ಕನ ಮುಖ ಅರಳಿತು. ಆಗ ಆ ದೊಡ್ಡಮ್ಮ, ಪರಿಚಯಕ್ಕೆ ಯಾರೂ ಕೇಳುವ ಹಾಗೆ, "ನಿಮ್ಮ ಯಜಮಾನ್ರು ಏನ್ ಮಾಡ್ತಾರಮ್ಮ?" ಎಂದು ಕೇಳಿದರು.

ಚೀಲದಕ್ಕ ನನ್ನ ಮುಖ ನೋಡಿದರು. ಅವರ ಪರವಾಗಿ ಬೀದಿಯೇ ಉತ್ತರ ಹೇಳಿ ಹೇಳಿ, ಸ್ವತಃ ಹೇಳಿ ಅವರಿಗೆ ರೂಢಿಯೇ ಇರಲಿಲ್ಲ. ಅಲ್ಲಿದ್ದ ಬೀದಿ ಎಂದರೆ ನಾನೊಬ್ಬಳೇ. ಪಕ್ಕದಲ್ಲಿ ಅತ್ತೆ ಕೂತಿದ್ದರು. ಮುಂದೆ ಗೊತ್ತಾದರೆ ಬೀಗರ ಎದುರು ಸುಳ್ಳು ಹೇಳಿದ ಸೊಸೆ ಎನ್ನಿಸಿಕೊಳ್ಳುವ ಭಯ ನನಗೆ. "ಅವ್ರು ಮನೆ ಬಿಟ್ಟು ಎಂಟು ವರ್ಷ ಆಯ್ತು. ಎಲ್ಲಿದಾರೋ ಗೊತ್ತಿಲ್ಲ" ಎಂದುಬಿಟ್ಟೆ. ದೊಡ್ಡಮ್ಮ ಅಯ್ಯೋ ಪಾಪ ಎಂದರು, ನಿಜವಾಗಿಯೂ ನೊಂದುಕೊಂಡರು.

"ಇದಾರೋ ಇಲ್ವೋ ಅನ್ನೋದೂ ತಿಳೀಲಿಲ್ವೇನಮ್ಮ?"

"ಇದಾರೆ," ಎಂದರು ಚೀಲದಕ್ಕ.

"ಇದಾರೆ ಅಂತ ಯಾರು ಹೇಳಿದ್ರು?"

ಚೀಲದಕ್ಕ ಕಾಫಿ ಲೋಟ ಹಿಡಿದುಕೊಂಡು ಕೂತರು. ದೊಡ್ಡಮ್ಮ ಮಡಿಲಿನ ಚೀಲವನ್ನು ಮೆಲ್ಲಗೆ ಎತ್ತಿ ಗಂಟಿನ ಮೇಲಿಟ್ಟರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ನಾನು ಜಗಳಕ್ಕಾದರೂ ನಿಲ್ಲುತ್ತಿದ್ದೆನೇನೋ... ಈಗ ಹಾಗನ್ನಿಸುತ್ತದೆ.

ಮಾರನೆಯ ದಿನ ಅತ್ತೆ, "ಬೀಗರ ಮನಸ್ಸಿಗೆ ಬಂದಿಲ್ಲ, ಶುಭಕಾರ್ಯ ನೋಡು" ಎಂದು ಗಂಟನ್ನು ಅಟ್ಟಕ್ಕೆ ಹಾಕಿಸಿದರು. ನಾನು ಹೂಂ ಎಂದೆ. ಗಾಂಧಿ ಬಜಾರಿನಿಂದ ಗಣಪತಿಯ ಚಿತ್ರವಿದ್ದ ಪ್ಲಾಸ್ಟಿಕ್ ಕವರುಗಳು ಬಂದವು. ಆ ಚೀಲಗಳಲ್ಲಿ ಕೆಲವು ಮುಂದೆ ನಮ್ಮ ಮನೆಯಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿ ತುಂಬಿಡಲು ಒದಗಿದವು.

ಚೀಲದಕ್ಕನಿಗೆ ಮದುವೆಯ ಕರೆಯೋಲೆ ಮೊದಲೇ ಹೋಗಿತ್ತು. ಅವರು ಬರದಿರಲಿ ಎಂದು ಬೇಡಿಕೊಂಡೆ. ಬಂದರು. ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು, ಕಾಸಗಲ ಕುಂಕುಮ ಇಟ್ಟುಕೊಂಡು ಬಂದರು. ಊಟ ಮುಗಿಸಿ ಹೊರಡುವಾಗ ಛತ್ರದ ಬಾಗಿಲಲ್ಲಿ ತಾಂಬೂಲ ಕೊಡುತ್ತಿದ್ದವಳು ನಾನೇ. ಓಡಿಹೋಗಲು ಜಾಗವಿರಲಿಲ್ಲ, ಹಿಂದೆ ಜನ ಸಾಲುಗಟ್ಟಿದ್ದರು. ಪ್ಲಾಸ್ಟಿಕ್ ಕವರನ್ನು ಅವರ ಕೈಗಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೂ ಚೆನ್ನಾಗಿದೆ ಬಿಡು. ಹಿಡಿಕೆ ಇದೆ," ಎಂದರು.

ಹನ್ನೆರಡು ವರ್ಷ ತುಂಬಲು ಇನ್ನೂ ಮೂರು ವರ್ಷವಿತ್ತು. ಅವರು ಕಾಯಲಿಲ್ಲ. ಮೈದುನ ಬಂದು ಹೊಳೆಗಳು ಕೂಡುವ ಕೂಡ್ಲಿಗೆ ಕರೆದುಕೊಂಡು ಹೋಗಿ, ದರ್ಭೆಯಲ್ಲಿ ಗಂಡನ ಆಕೃತಿ ಮಾಡಿಸಿ, ಎಲ್ಲ ಕರ್ಮ ಮುಗಿಸಿದ ಎಂದು ಅಮ್ಮನ ಫೋನು ಬಂತು. ತಿಂಗಳು ಬಿಟ್ಟು ಹೋದೆ. ಬೋಳು ಹಣೆಯಲ್ಲಿ ಅವರು ಸಂತೆಗೆ ಒಯ್ಯುವ ದೊಡ್ಡ ಚೀಲ ಹೊಲಿಯುತ್ತಿದ್ದರು. ಬಣ್ಣವಿಲ್ಲ, ಅಚ್ಚಿಲ್ಲ. ತಪ್ಪಾಯ್ತಕ್ಕಾ ಎನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಮಿಷನ್ ನಿಲ್ಲಿಸಿದರು.

"ಮೈದ್ನ ಹೇಳ್ದಾಗ ನಂಬ್ಲಿಲ್ಲ ಕಣೇ. ಆ ದೊಡ್ಡಮ್ಮ ಕೇಳ್ದಾಗ್ಲೂ ನಂಬ್ಲಿಲ್ಲ. ನಮ್ ಬೀದಿ ಹುಡುಗಿ ನೀನೇ ಹೇಳ್ದೆ ನೋಡು... ಹಾಗಾದ್ರೆ ಇಲ್ವೇನೋ ಅನ್ನಿಸ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಮತ್ತೆ ಪೆಡಲು ತುಳಿಯತೊಡಗಿದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಚೀಲದಕ್ಕ ತೀರಿಹೋಗಿಯೂ ಈಗ ಎಷ್ಟೋ ವರ್ಷವಾಯಿತು. ಆ ಮನೆಯಲ್ಲಿ ಬೇರೆಯವರಿದ್ದಾರೆ. ಮಗಳಿಗೆ ಇದನ್ನೆಲ್ಲ ಹೇಳಿಲ್ಲ, ಹೇಳುತ್ತೇನೆಂಬ ನಂಬಿಕೆಯೂ ಇಲ್ಲ. ಆದರೆ ಇವತ್ತಿಗೂ ನಮ್ಮ ಮನೆಗೆ ಬಂದ ಹೆಂಗಸರಲ್ಲಿ ಯಾರಾದರೂ ಇನ್ನೊಬ್ಬರನ್ನು ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರೆ, ಉತ್ತರ ಬರುವ ಮೊದಲೇ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ.