ಬಾಗಿಲು ಹಾಕಿ ಬಂದವನ ವೀಸಾ

ಅಬುಧಾಬಿಯ ಖಾಲಿದಿಯಾ ಬಡಾವಣೆಯಲ್ಲಿರುವ ನಮ್ಮ ಆಫೀಸಿಗೆ ಹೊಸ ಸಲಹೆಗಾರನಾಗಿ ಬಂದವನ ಬಯೋಡಾಟಾ ಮೊದಲು ಓದಿದ್ದು ನಾನೇ. ವೀಸಾದ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಇಂಗ್ಲೆಂಡಿನ ರಾಜಕಾರಣಿ, ಮೂರು ಸಲ ಯುರೋಪಿನ ಸಂಸತ್ತಿಗೆ ಆರಿಸಿ ಹೋಗಿದ್ದ. ಅಲ್ಲಿ ಕೂತು ಮಾಡಿದ್ದೇನು? ಯುರೋಪಿನ ಸಹವಾಸ ನಮಗೆ ಬೇಡ, ಅಲ್ಲಿಂದ ಬರುವವರಿಗೆ ಬಾಗಿಲು ಹಾಕಿ ಎಂದು ಕೂಗಿದ್ದು. ಆ ಸಂಸತ್ತಿನ ಸಂಬಳ ತಿಂದುಕೊಂಡೇ ಕೂಗಿದ. ಕೊನೆಗೆ ಇಂಗ್ಲೆಂಡ್ ಯುರೋಪ್ ಒಕ್ಕೂಟ ಬಿಟ್ಟಿತು, ಬಾಗಿಲು ಬಿತ್ತು. ಅದನ್ನು ತನ್ನ ಸಾಧನೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದುಕೊಂಡಿದ್ದ. ನನ್ನ ಮೈ ಉರಿದುಹೋಯಿತು.

ಆ ಬಾಗಿಲಿನ ಹೊರಗೆ ಉಳಿದವಳು ನಾನು. ನನ್ನ ಅಮ್ಮ ಗೋವಾದವಳು, ಪೋರ್ಚುಗೀಸರ ಕಾಲದಲ್ಲಿ ಹುಟ್ಟಿದವಳು. ಅಂಥವರ ಮಕ್ಕಳಿಗೆ ಪೋರ್ಚುಗಲ್ ಪಾಸ್‌ಪೋರ್ಟ್ ಸಿಗುತ್ತದೆ. ಪೋರ್ಚುಗಲ್ಲೂ ಯುರೋಪ್ ಒಕ್ಕೂಟದ್ದೇ, ಆಗೆಲ್ಲ ಅದೊಂದಿದ್ದರೆ ಇಂಗ್ಲೆಂಡಿಗೆ ಹೋಗಿ ನೆಲೆಸಬಹುದಿತ್ತು. ಅಕ್ಕ ಹಾಗೇ ಹೋಗಿ ಅಲ್ಲಿ ನರ್ಸ್ ಆದಳು. ನನ್ನ ಗಂಡ ದೂರದ ರುವೈಸ್‌ನ ರಿಫೈನರಿಯಲ್ಲಿ, ನಾನೂ ಮಗಳೂ ಅಬುಧಾಬಿಯಲ್ಲಿ. ವಾರಕ್ಕೆ ಎರಡು ದಿನದ ಸಂಸಾರ. ಇಂಗ್ಲೆಂಡಿಗೆ ಹೋಗಿ ಮೂವರೂ ಒಂದೇ ಮನೆಯಲ್ಲಿ ಇರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಅಮ್ಮನ ಜನನ ದಾಖಲೆಗಾಗಿ ಗೋವಾದ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದೆ. ಈಗ ನಮ್ಮೂರು ಮಂಗಳೂರಿನಲ್ಲಿ ಇಳಿದರೆ ವಿದೇಶಿಯರ ಸಾಲಿನಲ್ಲಿ ನಿಲ್ಲುತ್ತೇನೆ.

ಪೋರ್ಚುಗಲ್ಲಿನ ಕೆಂಪು ಪಾಸ್‌ಪೋರ್ಟ್ ಕೈಗೆ ಬಂದಾಗ ಬಾಗಿಲು ಬೀಳಲು ಇನ್ನೂ ಎರಡು ವರ್ಷ ಸಮಯವಿತ್ತು. "ಮಗಳ ಹತ್ತನೆಯದು ಒಂದು ಮುಗಿಯಲಿ ಮಾರಾಯ್ತಿ, ಮತ್ತೆ ಹೋಗುವ" ಅಂದರು ಗಂಡ. ಗಲ್ಫಿನಲ್ಲಿ ನಾವೆಲ್ಲ ಹೀಗೆಯೇ, ಮಕ್ಕಳ ಪರೀಕ್ಷೆ ನೋಡಿಕೊಂಡು ಬದುಕುವುದು. ನಾನೂ ಹೂಂ ಅಂದೆ. ಪರೀಕ್ಷೆ ಮುಗಿಯುವಷ್ಟರಲ್ಲಿ ಎಲ್ಲ ಖಲಾಸ್. ಆ ಹೂಂ ಅಂದದ್ದಕ್ಕೆ ನನ್ನ ಮೇಲೆಯೇ ನನಗೆ ಇವತ್ತಿಗೂ ಸಿಟ್ಟಿದೆ. ಈಗ ಜನ ಪೋರ್ಚುಗಲ್ಲಿಗೆ ಹೋಗಿ ಅನ್ನುತ್ತಾರೆ. ಅಲ್ಲಿ ನಮಗೆ ಯಾರಿದ್ದಾರೆ?

ಸೇರಿದ ಎರಡನೇ ವಾರ ಅವನು ಹೆಂಡತಿ ಮಕ್ಕಳ ವೀಸಾ ಅರ್ಜಿ ಹಿಡಿದು ನನ್ನ ಮೇಜಿಗೆ ಬಂದ. ಮಕ್ಕಳ ಪಾಸ್‌ಪೋರ್ಟ್ ತೆರೆದು ನೋಡಿದೆ. ಎರಡೂ ಐರ್ಲೆಂಡಿನವು.

"ಸರ್, ಇವು ಯುರೋಪ್ ಒಕ್ಕೂಟದವಲ್ಲವಾ?"

"ಹೌದು. ನನ್ನ ಹೆಂಡತಿಯ ಅಪ್ಪ ಅಲ್ಲಿ ಹುಟ್ಟಿದವರು. ಮಕ್ಕಳಿಗೆ ಒಂದು ದಾರಿ ಇರಲಿ ಅಂತ" ಎಂದು ನಕ್ಕ.

ನನಗೆ ತಡೆಯಲಾಗಲಿಲ್ಲ. ಅಮ್ಮ, ಗೋವಾ, ರುವೈಸ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. "ನನ್ನ ಮಗಳ ದಾರಿ ಮುಚ್ಚಿದ್ದು ನೀವೇ ಸರ್" ಅಂದೆ. ಧ್ವನಿ ಏರಿತ್ತು, ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನಿಗೆ ಸಿಟ್ಟೇ ಬರಲಿಲ್ಲ.

"ಸಾರಿ. ನಿಜ ಹೇಳಬೇಕೆಂದರೆ, ನಿಮ್ಮಂಥವರು ಇದ್ದೀರಿ ಅಂತಲೇ ನಮಗೆ ಗೊತ್ತಿರಲಿಲ್ಲ" ಎಂದ.

ನಮ್ಮನ್ನು ದ್ವೇಷಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಆ ಅರ್ಜಿಯನ್ನು ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಆದರೆ ಈ ಕೆಲಸ ಹೋದರೆ ಅದರ ಮೇಲಿನ ನನ್ನ ವೀಸಾ ಹೋಗುತ್ತದೆ, ಈ ಎರಡು ದಿನದ ಸಂಸಾರವೂ ಹೋಗುತ್ತದೆ. ಅವನ ಹೆಂಡತಿ, ಮಕ್ಕಳು ಅವನ ಜೊತೆ ಒಂದೇ ಮನೆಯಲ್ಲಿ ಇರುವುದಕ್ಕೆ ಬೇಕಾದ ಕಾಗದವನ್ನೆಲ್ಲ ನಾನೇ ಕೂತು ಜೋಡಿಸಿಕೊಟ್ಟೆ.