ನೊರ್ಜೊಮ್ ಕೂತ ದಿನ

ನೊರ್ಜೊಮ್ ನನ್ನ ದೊಡ್ಡಮ್ಮನ ಮಗಳು. ಅವಳು ಕೂತು ಚಹಾ ಕುಡಿದದ್ದನ್ನು ನಮ್ಮೂರು ಸಾಲ್ದಾಂಗ್‌ನಲ್ಲಿ ಯಾರೂ ಕಂಡವರಿಲ್ಲ. ಬಟ್ಟಲು ಹಿಡಿದು ಎರಡು ಗುಟುಕು ಒಲೆಯ ಹತ್ತಿರ, ಎರಡು ಗುಟುಕು ಬಾಗಿಲಲ್ಲಿ, ಉಳಿದದ್ದು ಹೇಸರಗತ್ತೆಗಳ ಮಗ್ಗುಲಲ್ಲಿ. ಬಾರ್ಲಿ ಕೊಯ್ಯುತ್ತಿದ್ದವಳು ಕಣಿವೆಯಲ್ಲಿ ಹೇಸರಗತ್ತೆಗಳ ಗಂಟೆ ಸದ್ದು ಕೇಳಿದರೆ ಕುಡುಗೋಲು ಕೆಳಗಿಟ್ಟು ನೋಡಲು ಹೋಗುವಳು.

"ನಿಮ್ಮಕ್ಕ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿರೋದು. ನನ್ ಮಗ ಚಮರಿ ದನ ಕಾಯೋದಲ್ದೆ ಹೆಂಡ್ತೀನೂ ಕಾಯ್ಬೇಕು" ಅಂತ ಅವಳ ಅತ್ತೆ ನನ್ನ ಹತ್ತಿರ ಹೇಳುತ್ತಿದ್ದಳು.

ದಾರಿಗಳೆಲ್ಲ ಅವಳಿಗೆ ಅಂಗೈ ಗೆರೆಯಂತೆ. ಆದರೆ ಅವಳು ಗೈಡ್ ಆಗುವಂತಿರಲಿಲ್ಲ. ದೊಡ್ಡಮ್ಮ ಉಪ್ಪಿನ ವ್ಯಾಪಾರಕ್ಕೆ ಗಡಿಯಾಚೆ ಹೋದವಳು ಅಲ್ಲೇ ಅವಳನ್ನು ಹೆತ್ತಳು. ಅಪ್ಪ ಅಲ್ಲಿಯವನು, ಅಲ್ಲೇ ಉಳಿದ. ಹಾಗಾಗಿ ನೊರ್ಜೊಮ್‌ಗೆ ಪೌರತ್ವದ ಪತ್ರವಿಲ್ಲ; ಪತ್ರವಿಲ್ಲದವಳಿಗೆ ಗೈಡ್ ಲೈಸೆನ್ಸಿಲ್ಲ. ನಮ್ಮ ಸೀಮೆಗೆ ಬರುವ ಹೊರದೇಶದವರು ಪರ್ಮಿಟ್ ಹಿಡಿದೇ ಬರಬೇಕು, ಅದರಲ್ಲಿ ಬರೆದ ದಿನಕ್ಕೇ ಹೊರಬೀಳಬೇಕು. ಅವರ ಜೊತೆಗೆ ಕಾಠ್ಮಂಡುವಿನಿಂದ ಗೈಡ್ ಬರುತ್ತಿದ್ದ. ನೊರ್ಜೊಮ್ ಮತ್ತು ನಾನು ಹೇಸರಗತ್ತೆ ಹೊಡೆಯುವವರು. ಮುಂದೆ ನಡೆಯುವವಳು ಅವಳೇ, ಹೆಸರು ಮಾತ್ರ ಗೈಡಿನದು.

ಆ ವರ್ಷ ಬಾರ್ಲಿ ಕೊಯ್ಲು ಮುಗಿದ ಮೇಲೆ ಲೋಚನ ಖತ್ರಿ ಎಂಬ ಗೈಡ್ ಮೂವರು ಜಪಾನಿಯರನ್ನು ಕರೆತಂದಿದ್ದ. ಮೂವರಿಗೂ ಅರವತ್ತು ದಾಟಿತ್ತು. ವಾಪಸ್ಸು ಹೊರಟು ಶೇ ಮಠ ದಾಟಿ, ಬೆಟ್ಟದ ತಲೆ ಹತ್ತಿ ದಾಟುವ ಕಾಂಗ್ ಕಣಿವೆದಾರಿಯ ಬುಡದಲ್ಲಿ ಕುರುಬರ ಕಲ್ಲುದೊಡ್ಡಿ ತಲುಪಿದೆವು. ಅಂದಿಗೆ ಪರ್ಮಿಟ್ಟಿನ ಏಳನೆಯ ದಿನ. ಹತ್ತನೆಯ ದಿನದೊಳಗೆ ಆಚೆ ಬದಿಯ ರಿಂಗ್ಮೋ ಠಾಣೆಯಲ್ಲಿ ಮುದ್ರೆ ಒತ್ತಿಸಬೇಕು. ದಾರಿ ಎರಡು ದಿನದ್ದು.

ಎಂಟನೆಯ ದಿನ ಬೆಳಗಿನಿಂದ ಹಿಮ ಸುರಿಯಿತು. ಬೈಗಾದರೂ ನಿಲ್ಲಲಿಲ್ಲ. ಲೋಚನ ಕೈಗಡಿಯಾರ ನೋಡುತ್ತಿದ್ದ, ನೊರ್ಜೊಮ್ ಆಕಾಶ ನೋಡುತ್ತಿದ್ದಳು. ಹಗ್ಗ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು.

"ಅಕ್ಕಾ, ಒಂದ್ಗಳಿಗೆ ಕೂತ್ಕೋ. ನಿನ್ನ ನೋಡಿ ಹೇಸರಗತ್ತೆಗಳೂ ನೆಲ ಕೆದರ್ತಿವೆ" ಅಂದೆ.

"ಕೂತ್ರೆ ಕಾಲು ಕಚ್ಚುತ್ತೆ ಕಣೇ."

ಒಂಬತ್ತನೆಯ ದಿನ ಹಿಮ ನಿಂತಿತು, ಮೋಡ ಕೆಳಗೇ ಕೂತಿತ್ತು. ಲೋಚನ ಮುದುಕರನ್ನು ಎಬ್ಬಿಸಿ ಬೂಟು ಹಾಕಿಸಿದ. ನಾವು ಡೇರೆ ಮಡಚಿ ಹೇರು ಕಟ್ಟಿದೆವು. ನೊರ್ಜೊಮ್ ಒಬ್ಬಳೇ ಮೊದಲ ತಿರುವಿನವರೆಗೆ ಹತ್ತಿ ಹೋದಳು. ಬಂದಾಗ ಸೊಂಟದವರೆಗೆ ಒದ್ದೆ.

"ಇವತ್ತು ಬೇಡ. ಇಲ್ಲೇ ಇಷ್ಟಿದ್ರೆ ಆಚೆ ಬದಿ ಇಳಿಜಾರೆಲ್ಲ ಹೊಸ ಹಿಮವೇ, ಕಾಲಿಗೆ ಹಿಡಿತವೇ ಇರಲ್ಲ" ಅಂದಳು.

"ದೀದಿ, ಇವತ್ತು ಹತ್ತದಿದ್ರೆ ಒಂದಿನ ತಡ ಆಗುತ್ತೆ. ಪರ್ಮಿಟ್ಟಲ್ಲಿರೋದು ನನ್ನ ಹೆಸರು. ಲೈಸೆನ್ಸ್ ಹೋದ್ರೆ ನೀವು ಕೊಡಿಸ್ತೀರಾ?"

"ನಂಗೇ ಇಲ್ಲ, ನಿಂಗೆಲ್ಲಿಂದ ಕೊಡಿಸ್ಲಿ?"

"ಹಾಗಾದ್ರೆ ಹೇಳೋನು ನಾನು. ಹೊರಡಿ."

ಅವನು ಜಪಾನಿಯರ ಕೈಗೆ ಕೋಲು ಕೊಡುತ್ತಿದ್ದ. ನೊರ್ಜೊಮ್ ನನ್ನ ಕಿವಿಯ ಹತ್ತಿರ ಬಂದಳು. "ಕೆಳಕ್ಕೆ ಹೊಡಿ" ಅಂದಳು.

"ಏನನ್ನ?"

"ಹೇಸರಗತ್ತೆಗಳನ್ನ. ಹೇರಿನ ಸಮೇತ. ಹಿಂದೆ ನೋಡ್ಬೇಡ."

ಹೊಡೆದೆ. ಡೇರೆ, ಅಡುಗೆ ಸಾಮಾನು, ಸೀಮೆಎಣ್ಣೆ ಎಲ್ಲ ಅವುಗಳ ಮೇಲೇ ಇತ್ತು. ಡೇರೆಯಿಲ್ಲದೆ ಕಣಿವೆದಾರಿ ದಾಟಿದರೆ ಆಚೆ ರಾತ್ರಿ ಕಳೆಯಲು ಜಾಗವಿಲ್ಲ. ಲೋಚನ ಕೂಗುತ್ತಾ ಸ್ವಲ್ಪ ದೂರ ಓಡಿಬಂದು, ಹಿಮದಲ್ಲಿ ಜಾರಿ ಬಿದ್ದು, ಎದ್ದು ನಿಂತುಬಿಟ್ಟ. ನಾನು ಕೆಳಗಿನ ಹುಲ್ಲಿನ ಬಯಲಿಗೆ ಹೋಗಿ ಮಧ್ಯಾಹ್ನದವರೆಗೆ ಕಾದು, ಹೇಸರಗತ್ತೆಗಳ ಜೊತೆ ಮರಳಿದೆ.

ಆ ಹೊತ್ತಿಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಕಣಿವೆದಾರಿ ತಲೆಯವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲೇನೂ ಜಾರಿರಲಿಲ್ಲ, ಕುಸಿದಿರಲಿಲ್ಲ.

"ನೋಡಿದ್ರಾ?" ಅಂದ ಲೋಚನ. ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು.

ನೊರ್ಜೊಮ್ ದೊಡ್ಡಿಯ ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು. ಬೆಳಗಿನಿಂದ ಎದ್ದಿರಲೇ ಇಲ್ಲವಂತೆ. ಮಂಡಿಯ ಮೇಲೆ ಬೆರಳು ಕುಣಿಯುತ್ತಿದ್ದವು, ಕಣ್ಣು ಕಣಿವೆದಾರಿಯಲ್ಲಿ ನೆಟ್ಟಿತ್ತು. "ಹೋಗಬಹುದಿತ್ತೇನೋ" ಅಂದಳು ನನಗೆ ಮಾತ್ರ ಕೇಳುವ ಹಾಗೆ. "ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

ಮರುದಿನ ಹಿಮ ಗಟ್ಟಿಯಾಗಿತ್ತು. ಅವಳು ಮುಂದೆ ಹೆಜ್ಜೆ ಕಡಿದಳು, ಎಲ್ಲರೂ ಸುಖವಾಗಿ ದಾಟಿದೆವು. ಜಪಾನಿಯರಲ್ಲಿ ಹಿರಿಯರಾದ ಮೊರಿತಾ ಮೇಲೆ ನಿಂತು ಅವಳಿಗೆ ತಲೆಬಾಗಿದರು. ಅವಳಿಗೆ ಅದು ಕಾಣಲಿಲ್ಲ, ಆಗಲೇ ಇಳಿಯುತ್ತಿದ್ದಳು.

ರಿಂಗ್ಮೋ ಸೇರಿದಾಗ ಹನ್ನೊಂದನೆಯ ದಿನ. ಠಾಣೆಯವರು ಪರ್ಮಿಟ್ ತಿರುಗಿಸಿ ನೋಡಿ, "ಒಂದಿನ ಯಾಕೆ ತಡ?" ಅಂತ ಕೇಳಿದರು. ನೊರ್ಜೊಮ್ ಬಾಗಿಲಲ್ಲಿ ನಿಂತಿದ್ದಳು. ಇವಳೇ ಹೇಳಿ ಹೇಸರಗತ್ತೆ ಓಡಿಸಿದಳು ಎಂದು ಲೋಚನ ಒಂದು ಮಾತು ಹೇಳಿದ್ದರೆ ತಪ್ಪೆಲ್ಲ ಅವಳ ತಲೆಗೆ ಬರುತ್ತಿತ್ತು.

"ಹಿಮ ಬಿತ್ತು ಸಾರ್. ನಾನೇ ನಿಲ್ಸಿದೆ" ಅಂದ.

"ಸಾಕ್ಷಿ?"

"ನಾನಿದೀನಿ, ನನ್ನನ್ನ ಬರ್ಕೊಳ್ಳಿ" ಅಂತ ನೊರ್ಜೊಮ್ ಒಳಗೆ ಬಂದಳು.

"ಪೌರತ್ವದ ನಂಬರ್ ಹೇಳಮ್ಮ."

ಅವಳು ಮತ್ತೆ ಬಾಗಿಲಿಗೆ ಸರಿದಳು. ಠಾಣೆಯವರು ಪೆನ್ನು ಕೆಳಗಿಟ್ಟರು.

ತಡದ ಟಿಪ್ಪಣಿ ಲೋಚನನ ಹೆಸರಿಗೇ ಹೋಯಿತು. ಆ ಋತುವಿನಲ್ಲಿ ಅವನಿಗೆ ಮತ್ತೆ ಕೆಲಸ ಸಿಗಲಿಲ್ಲವೆಂದು ಕೇಳಿದೆವು. ಚಳಿಗಾಲವಿಡೀ ನೊರ್ಜೊಮ್ ಮಾಡು ಹತ್ತುವುದು, ಇಳಿಯುವುದು. "ಅವನ ಹೊಟ್ಟೆ ಮೇಲೆ ಹೊಡ್ದೆ" ಎನ್ನುವಳು. "ಜೀವ ಉಳಿಸ್ದೆ ಅನ್ನು" ಎಂದರೆ, "ಅದು ಯಾರಿಗ್ಗೊತ್ತು?" ಎನ್ನುವಳು.

ಬೇಸಗೆಯಲ್ಲಿ ಅವನೇ ಬಂದ, ಬೇರೆ ಗುಂಪಿನೊಡನೆ. ನಮ್ಮ ಮನೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ: "ಹೇಸರಗತ್ತೆ ಓಡಿಸೋ ದೀದಿ ಇದಾರಾ?"

"ಈ ಸಲ ಎಷ್ಟು ದಿನದ ಪರ್ಮಿಟ್ಟು?" ಅಂದಳು ನೊರ್ಜೊಮ್.

"ನೀವಿರ್ತೀರಂತ ಎರಡು ದಿನ ಜಾಸ್ತಿ ಬರೆಸಿದೀನಿ."

ಆಮೇಲೆ ಮೂರು ವರ್ಷಕ್ಕೆ ಜಿಲ್ಲಾ ಕಚೇರಿಯವರು ಊರಿಗೇ ಬಂದು ಶಿಬಿರ ಹಾಕಿದರು. ಇವಳು ನಮ್ಮೂರ ಹೆಣ್ಣಿನ ಮಗಳು ಎಂದು ಐದು ಜನ ಹಿರಿಯರು ಸಾಕ್ಷಿ ಹೇಳಿದ ಮೇಲೆ, ಅವಳಿಗೆ ಪೌರತ್ವದ ಪತ್ರ ಸಿಕ್ಕಿತು. ಗೈಡ್ ತರಬೇತಿಗೆಂದು ಲೋಚನ ಅವಳನ್ನು ಕಾಠ್ಮಂಡುವಿಗೆ ಕರೆದೊಯ್ದ. ಹದಿನೈದು ದಿನಕ್ಕೇ ವಾಪಸ್ಸು ಬಂದಳು.

"ಬೆಳಗಿಂದ ಸಂಜೆವರ್ಗೂ ಕುರ್ಚಿ ಮೇಲೆ ಕೂತು ನಡೆಯೋದ್ ಹೇಗೆ ಅಂತ ಕಲೀಬೇಕಂತೆ" ಅಂದಳು, ಹೇಸರಗತ್ತೆಯ ಪಟ್ಟಿ ಬಿಗಿಯುತ್ತ.

ಈಗ ಅವಳಿಗೆ ಐವತ್ತೊಂದು. ಪರ್ಮಿಟ್ಟುಗಳಲ್ಲಿ ಈಗಲೂ ಬೇರೆಯವರ ಹೆಸರೇ ಇರುತ್ತದೆ. ಮೋಡ ಇಳಿದರೆ ಗೈಡುಗಳು ಮೊದಲು ಅವಳ ಮುಖ ನೋಡುತ್ತಾರೆ. ಅವಳು ಹೊರಡಿ ಎಂದರೂ, ಬೇಡ ಎಂದರೂ, ಆ ದಿನ ಪೂರ್ತಿ ಅವಳ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ.